ಏಳುತ್ತಲೇ ಯಾರ ಮುಖ ನೋಡಿದ?

ನಮ್ಮ ಮೇಲಿನ ಮನೆಯ ಮಗು ದಿನಕ್ಕೆ ಎರಡು ಸಲ ಅಳುತ್ತದೆ, ಎರಡು ಸಲವೂ ಏಳುವಾಗ. ಬೆಳಗ್ಗೆ ಏಳರ ಸುಮಾರಿಗೆ ಒಮ್ಮೆ, ಮಧ್ಯಾಹ್ನದ ನಿದ್ದೆ ಮುಗಿಸಿ ನಾಲ್ಕಕ್ಕೆ ಇನ್ನೊಮ್ಮೆ. ಉಳಿದ ಹೊತ್ತಿನಲ್ಲಿ ಇಷ್ಟು ಸಾಧುವಾದ ಮಗು ಇಡೀ ಗಂಗಾನಗರದಲ್ಲಿ ಸಿಗಲಿಕ್ಕಿಲ್ಲ. ಮೆಟ್ಟಿಲ ಮೇಲೆ ನಾನು ಎದುರಾದರೆ ತನ್ನ ಬಾಯಲ್ಲಿ ನೆನೆದ ಬಿಸ್ಕತ್ತನ್ನು ತೆಗೆದು ನನ್ನ ಬಾಯಿಗೇ ಇಡಲು ಬರುತ್ತದೆ. ಏಳುವಾಗ ಮಾತ್ರ ಬೇಡ, ಯಾರೋ ಅದರ ಆಸ್ತಿಯನ್ನೆಲ್ಲ ಬರೆಸಿಕೊಂಡು ಹೋದರೇನೋ ಎಂಬಂತೆ ಅಳುತ್ತದೆ. ನನಗಂತೂ ಅದರಿಂದ ಅನುಕೂಲವೇ ಆಗಿದೆ. ನಾಲ್ಕರ ಅಳು ಕೇಳಿದ ಮೇಲೆ ಕಾಫಿಗೆ ಹಾಲಿಡುತ್ತೇನೆ. ಗಡಿಯಾರ ನೋಡುವುದನ್ನು ಬಿಟ್ಟು ಎಷ್ಟೋ ತಿಂಗಳಾಯಿತು.

ಮೊನ್ನೆ ಅದರ ತಾಯಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೆಳಗಿಳಿದು ಬಂದಳು. "ಆಂಟಿ, ಇವ್ನು ಎದ್ದ ತಕ್ಷಣ ಯಾಕ್ ಇಷ್ಟೊಂದ್ ಅಳ್ತಾನೆ? ಡಾಕ್ಟ್ರು ಏನೂ ಇಲ್ಲ ಅಂತಾರೆ. ನೀವು ಮಕ್ಕಳನ್ನ ಸಾಕಿದೋರು, ಹೇಳಿ" ಎಂದಳು. ಯಾರಾದರೂ ಸಲಹೆ ಕೇಳಿದರೆ ನನಗೆ ಹಿಗ್ಗು. ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ ಬಾಯಿ ತೆರೆದೆ. ತೆರೆದ ಬಾಯಿಂದ ಬಂದದ್ದು, "ಏಳ್ತಾ ಯಾರ್ ಮುಖ ನೋಡ್ತಾನಮ್ಮ?" ಎನ್ನುವ ಪ್ರಶ್ನೆ. "ನಂದೇ ಆಂಟಿ" ಎಂದಳು ಆ ಹುಡುಗಿ. ಅವಳ ಮುಖ ಇಷ್ಟಗಲ ಇದ್ದದ್ದು ಇಷ್ಟಾಯಿತು. ನಾನು ನಾಲಿಗೆ ಕಚ್ಚಿಕೊಂಡೆ.

ಆ ಪ್ರಶ್ನೆ ನನ್ನದಲ್ಲ, ನಮ್ಮ ಅಜ್ಜಿಯದು. ಅಜ್ಜಿ ತೀರಿಕೊಂಡು ಅದೆಷ್ಟೋ ಕಾಲವಾಯಿತು. ಅವಳ ಬುಗುಡಿ ಯಾರ ಪಾಲಾಯಿತೋ ನನಗೆ ತಿಳಿಯದು, ಈ ಪ್ರಶ್ನೆ ಮಾತ್ರ ನನ್ನ ಪಾಲಿಗೆ ಬಂದಿದೆ. ಅದರಿಂದ ನಮ್ಮ ಮನೆಯಲ್ಲಿ ಏನೇನಾಯಿತು ಎಂದು ಗೊತ್ತಿದ್ದೂ ಗೊತ್ತಿದ್ದೂ ನಾನೇ ಅದನ್ನು ಕೇಳಿದೆನಲ್ಲ ಎಂದು ಆ ದಿನವೆಲ್ಲ ಬೇಸರವಾಗಿತ್ತು.

ನಿದ್ದೆಯಿಂದ ಏಳುವುದು ಎಲ್ಲರಿಗೂ ಒಗ್ಗುವ ಕೆಲಸವಲ್ಲ ಬಿಡಿ. ನಮ್ಮ ಯಜಮಾನರು ಎದ್ದಾಗ ಅಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಕಾಫಿ ಲೋಟ ಕೈಗೆ ಬರುವ ತನಕ ಹೆಂಡತಿ ಮಕ್ಕಳೆಲ್ಲ ಅವರಿಗೆ ಯಾರೋ ಏನೋ. ಒಂದು ದಿನ ನನ್ನನ್ನೇ ನೋಡಿ, "ಯಾರು ಬೇಕಿತ್ತು?" ಎಂದು ಕೇಳಿದ್ದರು. ಮದುವೆಯಾಗಿ ಹನ್ನೆರಡು ವರ್ಷದ ಮೇಲೆ.

ನನ್ನದೇನು ಕಡಿಮೆಯಲ್ಲ. ಏಳೆಂಟು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಮುದ್ದೆ ಉಂಡು ಮಲಗಿದವಳು ಎದ್ದು ನೋಡಿದರೆ ಹೊರಗೆ ಎಳೆ ಬೆಳಕು. ಅಪ್ಪ ಜಗಲಿಯ ಮೇಲೆ ಕೂತು, "ಏನಮ್ಮಿ, ಇಷ್ಟೊತ್ಗೆ ಏಳಾದಾ? ಸ್ಕೂಲ್ ಗಂಟೆ ಒಡೆದು ಎಷ್ಟೊತ್ತಾಯ್ತು!" ಎಂದ. ನಾನು ಎದ್ದೆನೋ ಬಿದ್ದೆನೋ ಎಂದು ಇದ್ದಿಲಪುಡಿಯಲ್ಲಿ ಹಲ್ಲುಜ್ಜಿ, ಸ್ಲೇಟು ಹಿಡಿದು ಬೀದಿಗೆ ಓಡಿದೆ. ಊರಿನ ದನಗಳೆಲ್ಲ ಮೇಯ್ದು ಮನೆಗೆ ಬರುತ್ತಿದ್ದವು. ಇವತ್ತು ದನಗಳಿಗೆ ದಾರಿ ತಪ್ಪಿದೆ ಎಂದುಕೊಂಡೆನೇ ಹೊರತು ನನಗೆ ಹೊತ್ತು ತಪ್ಪಿದೆ ಎಂದು ಹೊಳೆಯಲಿಲ್ಲ. ಸ್ಕೂಲಿನ ಬೀಗ ನೋಡಿ ವಾಪಸು ಬಂದಾಗ ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಏಳುವಾಗ ಬಾರದ ಅಳು ನನಗೆ ಆಗ ಬಂತು.

ನಾವಿದ್ದದ್ದು ಹೆಬ್ಬಾಳದಿಂದ ಯಲಹಂಕದ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಕೆರೆಯ ಕೆಳಗಿನ ಹಳ್ಳಿಯಲ್ಲಿ. ಐವತ್ತರ ದಶಕ ಅರ್ಧ ಕಳೆದಿತ್ತು. ಬೆಂಗಳೂರಿಗೆ ಹೊರಟವರು "ಪ್ಯಾಟೆಗೆ ಓಗ್ಬರ್ತೀವಿ" ಎಂದು ನಾಲ್ಕು ಮನೆಗೆ ಹೇಳಿ, ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ಕಾಲ. ನಮ್ಮದು ಸೊಪ್ಪಿನ ಬೇಸಾಯ: ದಂಟು, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ. ಸೊಪ್ಪನ್ನು ಬಿಸಿಲು ಏರುವ ಮುಂಚೆ ಕೀಳಬೇಕು, ತೊಳೆಯಬೇಕು, ಕಟ್ಟು ಕಟ್ಟಬೇಕು. ಬಾಡಿದ ಸೊಪ್ಪನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಅಪ್ಪ ಅದನ್ನು ಗಾಡಿಗೆ ಹೇರಿಕೊಂಡು ಹೋದ ಮೇಲೆ ಅಮ್ಮ ಮಡಿಗಳಿಗೆ ನೀರು ಕಟ್ಟಲು ನಿಲ್ಲುತ್ತಿದ್ದಳು. ಹಾಗಾಗಿ ನನ್ನ ತಮ್ಮ ರಾಜ ಕಣ್ಣು ಬಿಡುವ ಹೊತ್ತಿಗೆ ಅಮ್ಮ ಮನೆಯಲ್ಲಿರುವುದೇ ಅಪರೂಪವಾಗಿತ್ತು.

ರಾಜನಿಗೆ ಆಗ ಒಂದೂವರೆ ವರ್ಷ, ನನಗೆ ಹತ್ತು. ನಡುಮನೆಯ ತೊಲೆಗೆ ಅಮ್ಮನ ಹಳೇ ಸೀರೆ ಕಟ್ಟಿ ಮಾಡಿದ ಜೋಲಿಯಲ್ಲಿ ಅವನು ಮಲಗುತ್ತಿದ್ದ. ಬೆಳಗ್ಗೆ ಎದ್ದು ಒಂದು ಸಲ ಅಳು. ಹನ್ನೊಂದರ ಸುಮಾರಿಗೆ ಮತ್ತೆ ಮಲಗಿ, ಎರಡು ಗಂಟೆ ನಿದ್ದೆ ಹೊಡೆದು, ಎದ್ದು ಇನ್ನೊಂದು ಸಲ ಅಳು. ಬೆಳಗಿನದು ಚಿಕ್ಕದು, ಅಭ್ಯಾಸಕ್ಕೆಂದು ಅತ್ತಂತೆ ಇರುತ್ತಿತ್ತು. ಮಧ್ಯಾಹ್ನದ್ದು ಹಾಗಲ್ಲ. ಮೊದಲು ಸೀರೆಯೊಳಗೆ ಒಂದು ಗುಬಟು ಅಲ್ಲಾಡುತ್ತಿತ್ತು. ಆಮೇಲೆ ಬೆವೆತ ತಲೆಯೊಂದು ಹೊರಬಂದು, ಸುತ್ತ ಒಮ್ಮೆ ನೋಡಿ, ಕೆಳದುಟಿ ಮುಂದೆ ಬಂದು, ಉಸಿರು ಒಳಗೆ ಹೋಗಿ ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಮನೆಯವರೆಲ್ಲ ಕಾಯುತ್ತಿದ್ದೆವು. ಆಮೇಲೆ ಹೊರಡುವ ಆ ಧ್ವನಿ ಕೆರೆಯಲ್ಲಿ ಬಟ್ಟೆ ಒಗೆಯುವವರಿಗೂ ಕೇಳುತ್ತಿತ್ತು.

ಅಜ್ಜಿ ಮೊದಲು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಕೊರಳಿಗೆ ತಾಯತ ಕಟ್ಟಿಸಿದಳು. ರಾಜ ತಾಯತವನ್ನು ಬಾಯಿಗೆ ಹಾಕಿಕೊಂಡು ಚೀಪುತ್ತ ಅತ್ತ. ಆಗ ಅಜ್ಜಿಗೆ ಮುಖದ ವಿಚಾರ ಹೊಳೆಯಿತು. "ಏಳ್ತಾ ಯಾವ್ದೋ ಆಗ್ದಿರಾ ಮಕ ನೋಡ್ತಾ ಐತೆ ಮಗ. ಅದ್ಯಾರ್ದು ಅಂತ ಕಂಡಿಡೀಬೇಕು" ಎಂದಳು. ದಿನಕ್ಕೊಬ್ಬರಂತೆ ಜೋಲಿಯ ಮುಂದೆ ನಿಲ್ಲಿಸುವುದು, ಉಳಿದವರು ಮಗುವಿನ ಕಣ್ಣಿಗೆ ಬೀಳದ ಹಾಗೆ ಮರೆಯಲ್ಲಿರುವುದು ಎಂದು ತೀರ್ಮಾನವಾಯಿತು. ಈಗಿನವರಿಗೆ ಇದು ತಮಾಷೆ ಎನಿಸಬಹುದು. ಆದರೆ ಅಜ್ಜಿ ಕೈಗೊಂಡ ಕ್ರಮದಲ್ಲಿ ಒಂದೂ ಲೋಪವಿರಲಿಲ್ಲ.

ಮೊದಲ ದಿನ ಅಪ್ಪನ ಮುಖ. ಯಾವತ್ತಿನಷ್ಟೇ ಅಳು, ಹೆಚ್ಚಿಲ್ಲ ಕಡಿಮೆಯಿಲ್ಲ. ಎರಡನೇ ದಿನ ಅಜ್ಜಿಯ ಮುಖ. ಅತ್ತ. "ಒಗ್ಗರಣೆ ಒಗೆ ಬಂದು ಅತ್ತ, ಇದು ಲೆಕ್ಕಕ್ಕಿಲ್ಲ" ಎಂದು ಅಜ್ಜಿ ತನ್ನನ್ನು ತಾನೇ ಬಿಡುಗಡೆ ಮಾಡಿಕೊಂಡಳು. ಮೂರನೇ ದಿನ ದೇವರ ಪಟ. ಪಟವನ್ನು ಕೈಗೆ ಕೊಡಲಿಲ್ಲವೆಂದು ಅತ್ತ. ನಾಲ್ಕನೇ ದಿನ ಹಸುವಿನ ಮುಖ ಶುಭವೆಂದು, ಅವನ ಕಣ್ಣಿಗೆ ಸೆರಗು ಮುಚ್ಚಿ ಕೊಟ್ಟಿಗೆಗೆ ಎತ್ತಿಕೊಂಡು ಹೋಗಿ ಸೆರಗು ತೆಗೆದರು. ಹಸು ಅವನ ಹಣೆಯನ್ನು ಒಂದು ಸಲ ನೆಕ್ಕಿತು. ಅಂದಿನ ಅಳುವಿಗೆ ಹಸುವೇ ಹಗ್ಗ ಕಿತ್ತುಕೊಂಡು ಓಡಿತು.

ಐದನೇ ದಿನ ಅಮ್ಮನ ಸರದಿ. ಅವಳು ಗದ್ದೆಯಿಂದ ಬೇಗ ಬಂದು, ಮುಖ ತೊಳೆದು, ಕುಂಕುಮ ಇಟ್ಟುಕೊಂಡು ಜೋಲಿಯ ಮುಂದೆ ನಿಂತಳು. ಯಾರಾದರೂ ಬಂಧುಗಳು ಬರುತ್ತಾರೆಂದು ಕಾಯುವಾಗ ನಿಲ್ಲುವಂತೆ ನಿಂತಿದ್ದಳು. ರಾಜ ಕಣ್ಣು ಬಿಟ್ಟ. ಅಮ್ಮನನ್ನು ನೋಡಿದ. ಅದುವರೆಗೆ ಯಾರ ಮುಂದೆಯೂ ಅಳದಷ್ಟು ಅತ್ತ. ಎತ್ತಿಕೊಂಡರೆ ಬೆನ್ನು ಬಿಲ್ಲು ಮಾಡಿದ, ಇಳಿಸಿದರೆ ಕಾಲು ಹಿಡಿದುಕೊಂಡ, ಅವಳ ಸೆರಗಿನಲ್ಲೇ ಮೂಗು ಒರೆಸಿಕೊಂಡು ಅವಳನ್ನೇ ಹೊಡೆದ. ಅಜ್ಜಿ ಎಲ್ಲವನ್ನೂ ನೋಡಿ, ಕಡೆಗೆ ನಿಧಾನವಾಗಿ, "ಗೊತ್ತಾಯ್ತಲ್ಲವ್ವ" ಎಂದಳು.

ಆರನೇ ದಿನ ನನ್ನ ಮುಖ. ಎರಡು ಸಲ ಬಿಕ್ಕಿದ, ನನ್ನ ಜಡೆ ಹಿಡಿದು ಎಳೆದ, ಸುಮ್ಮನಾದ. ಏಳನೇ ದಿನವೂ ಹಾಗೆಯೇ. ಅಜ್ಜಿ ನನ್ನ ತಲೆಗೆ ನೆಟಿಕೆ ಮುರಿದು, "ನಮ್ ರತ್ನಿ ಮಕ ಒಳ್ಳೇ ಮಕ" ಎಂದಳು. ನಾನು ಅವತ್ತು ಊರೆಲ್ಲ ಆ ಮುಖ ಹೊತ್ತುಕೊಂಡು ತಿರುಗಾಡಿದೆ. ಅದಕ್ಕೆ ಮುಂಚೆ ನನ್ನ ಮುಖದ ಬಗ್ಗೆ ಯಾರೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ, ಆಮೇಲೂ ಹೆಚ್ಚೇನೂ ಬರಲಿಲ್ಲ.

ಅಜ್ಜಿ ಕೆಟ್ಟವಳಲ್ಲ, ಇದನ್ನು ಹೇಳಿಬಿಡಬೇಕು. ಕೆನೆ ಹಾಲು ಮೊದಲು ಸೊಸೆಗೆ ಕೊಟ್ಟು ಆಮೇಲೆ ಮಗನಿಗೆ ಕೊಡುತ್ತಿದ್ದಳು. ಡಾಕ್ಟರು ಹುಳಿ ತಿನ್ನಬೇಡಿ ಎಂದು ಹೇಳುತ್ತಾರಲ್ಲ, ಅದೇ ಧಾಟಿಯಲ್ಲಿ ಅಮ್ಮನಿಗೆ ಹೇಳಿದಳು: "ಮಗ ಏಳಾ ಒತ್ನಾಗೆ ನೀನು ಒಳಕ್ಕೆ ಬರಬ್ಯಾಡ ಕಣೆ ಲಕ್ಷ್ಮಿ. ಅವ್ನು ಎದ್ದು, ಮಕ ತೊಳ್ಕಂಡ ಮ್ಯಾಲೆ ಎಷ್ಟ್ ಬೇಕಾದ್ರೂ ಎತ್ಕೋ." ಅಮ್ಮ, "ಆಗ್ಲಿ ಅತ್ತೆಮ್ಮ" ಎಂದಳು. ಅಪ್ಪ ಮನೆಯೊಳಗಿನ ಮಾತಿಗೆ ತಲೆ ಹಾಕುವವನಲ್ಲ. ಅಲ್ಲಿಗೆ ಅದು ಮನೆಯ ಕಟ್ಟಳೆಯಾಯಿತು.

ಒಳ್ಳೆಯ ಮುಖದಿಂದ ಏನು ಕಷ್ಟ ಎನ್ನುವುದು ನನಗೆ ಒಂದು ವಾರದಲ್ಲಿ ತಿಳಿಯಿತು. ಬೆಳಗಿನ ಅಳುವಿನದು ತೊಂದರೆಯಿಲ್ಲ, ಆಗ ನಾನು ಮನೆಯಲ್ಲೇ ಇರುತ್ತಿದ್ದೆ. ಮಧ್ಯಾಹ್ನದ ಅಳುವಿಗೆ ನಾನು ಬೇಕೆಂದರೆ ಸ್ಕೂಲು ಬಿಡಬೇಕು. ಮೊದಮೊದಲು ಮಧ್ಯದಲ್ಲಿ ಓಡಿ ಬರುತ್ತಿದ್ದೆ. ಆದರೆ ರಾಜ ಒಂದು ದಿನ ಹನ್ನೆರಡಕ್ಕೆ ಎದ್ದರೆ ಇನ್ನೊಂದು ದಿನ ಒಂದೂವರೆಗೆ ಏಳುತ್ತಿದ್ದ. ನಾನು ಬರುವಷ್ಟರಲ್ಲಿ ಎದ್ದು ಅತ್ತಿದ್ದರೆ ಅಜ್ಜಿ, "ಈ ಸ್ಕೂಲು ಸ್ಕೂಲು ಅಂತ ಮಗೀಗೆ ಏನಾರ ಆದ್ರೆ?" ಎನ್ನುತ್ತಿದ್ದಳು. ನಿಧಾನವಾಗಿ ವಾರಕ್ಕೆ ಎರಡು ದಿನ ಹೋಗುವುದು ತಪ್ಪಿತು, ಆಮೇಲೆ ನಾಲ್ಕು ದಿನ.

ನಾನು ಆಗ ನಾಲ್ಕನೇ ಕ್ಲಾಸು. ವರ್ಷದ ಕೊನೆಯ ಪರೀಕ್ಷೆಯಲ್ಲಿ ಪಾಸಾದರೆ ಕೆರೆಯಾಚೆಯ ಮಿಡ್ಲ್ ಸ್ಕೂಲಿಗೆ ಸೇರಬಹುದಿತ್ತು. ಅದು ತಪ್ಪಿದರೆ ಅಲ್ಲಿಗೆ ಮುಗಿಯಿತು. ಹೆಣ್ಣುಮಗಳನ್ನು ಎರಡನೇ ಸಲ ಅದೇ ಕ್ಲಾಸಿಗೆ ಕಳಿಸುವ ಮನೆ ನಮ್ಮೂರಲ್ಲಿ ಇರಲಿಲ್ಲ. ನನಗೆ ಓದುವ ಹುಚ್ಚು ಅಷ್ಟಿಷ್ಟಲ್ಲ. ಉಪ್ಪು ಕಟ್ಟಿ ತಂದ ಕಾಗದವನ್ನೂ ಬಿಡಿಸಿ ಓದುತ್ತಿದ್ದೆ. ಮಿಡ್ಲ್ ಸ್ಕೂಲಿನಲ್ಲಿ ಒಂದು ಬೀರು ತುಂಬ ಪುಸ್ತಕ ಇದೆ ಎಂದು ಕೇಳಿದ್ದೆ. ಆ ಬೀರುವಿನ ಬಾಗಿಲನ್ನು ನನ್ನ ತಮ್ಮ ಬೆನ್ನು ಕೊಟ್ಟು ಮುಚ್ಚಿಕೊಂಡು ಕೂತಿದ್ದಾನೆ ಎಂದು ಅನಿಸುತ್ತಿತ್ತು.

ಒಂದು ದಿನ ಮೇಷ್ಟ್ರು ದಾರಿಯಲ್ಲಿ ಸೈಕಲ್ ನಿಲ್ಲಿಸಿ, "ಏನಮ್ಮ ರತ್ನ, ಸ್ಕೂಲಿನ ದಾರೀನೇ ಮರೆತ್ಯಾ?" ಎಂದು ಕೇಳಿದರು.

"ಇಲ್ಲ ಸಾ. ನನ್ ತಮ್ಮಂಗೆ ಏಳುವಾಗ ನನ್ ಮಕ ಬೇಕು ಸಾ" ಎಂದೆ.

ಮೇಷ್ಟ್ರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ನಂಗೂ ಬೇಕು ಕಣಮ್ಮ, ಹಾಜರಿ ತಗೊಳ್ಳೋಕೆ. ಪರೀಕ್ಷೆ ದಿನ ಏನಾದ್ರೂ ತಪ್ಪಿಸಿದ್ಯೋ, ನಾನೇನೂ ಮಾಡಕ್ಕಾಗಲ್ಲ" ಎಂದು ಹೇಳಿ ಸೈಕಲ್ ಹತ್ತಿದರು.

ಆಗ ನಾನು ನನ್ನ ಮುಖವನ್ನು ಕೆಡಿಸಿಕೊಳ್ಳಲು ಹೊರಟೆ. ಒಂದು ಮಧ್ಯಾಹ್ನ ಅಜ್ಜಿ ಹಿತ್ತಿಲಲ್ಲಿದ್ದಾಗ ಪಾತ್ರೆಯ ತಳದ ಮಸಿಯನ್ನು ಮುಖಕ್ಕೆಲ್ಲ ಬಳಿದುಕೊಂಡು, ಕಣ್ಣು ಮೇಲೆ ಮಾಡಿ, ನಾಲಿಗೆ ಹೊರಚಾಚಿ ಜೋಲಿಯ ಮುಂದೆ ಕೂತೆ. ಇವನು ಕಿರುಚಿಕೊಂಡರೆ ಅಜ್ಜಿ ನನ್ನನ್ನು ಈ ಕೆಲಸದಿಂದ ತೆಗೆದುಹಾಕುತ್ತಾಳೆ ಎಂಬುದು ನನ್ನ ಉಪಾಯ. ರಾಜ ಎದ್ದ. ಕೆಳದುಟಿ ಮುಂದೆ ಬರುತ್ತಿದ್ದದ್ದು ಅಲ್ಲೇ ನಿಂತಿತು. ಆಮೇಲೆ ಕೇಕೆ ಹಾಕಿ ನಕ್ಕ. ಎರಡೂ ಕೈ ತಟ್ಟಿದ. ಮಾರನೆಯ ದಿನ ಬರೀ ಮುಖದಲ್ಲಿ ಹೋದರೆ ಒಪ್ಪಲಿಲ್ಲ, ಮಸಿಯೇ ಬೇಕೆಂದು ಒಲೆಯ ಕಡೆಗೆ ಕೈ ತೋರಿಸಿದ. ಇರುವ ಕೆಲಸ ಬಿಡಿಸಿಕೊಳ್ಳಲು ಹೋಗಿ ಇನ್ನೊಂದು ಕೆಲಸ ಮೈಮೇಲೆ ಎಳೆದುಕೊಂಡೆ. ಅವನ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ, ಅಷ್ಟು ಚಂದ ನಗುತ್ತಿದ್ದವನನ್ನು ನೋಡಿಯೂ ಅದು ಇಳಿಯಲಿಲ್ಲ.

ಅದೇ ದಿನಗಳಲ್ಲಿ ಒಮ್ಮೆ ಮಸಿ ಬಳಿದುಕೊಂಡು ಕೂತಿದ್ದಾಗ ಬಾಗಿಲ ಕಡೆಗೆ ಕಣ್ಣು ಹೋಯಿತು. ಅರ್ಧ ಮುಚ್ಚಿದ ಬಾಗಿಲ ಕೆಳಗಡೆ, ಹೊಸಿಲಿನ ಆಚೆಗೆ, ಎರಡು ಪಾದ ಕಂಡವು. ಹಿಮ್ಮಡಿಯವರೆಗೆ ಗದ್ದೆಯ ಕೆಸರು ಒಣಗಿತ್ತು. ಅಮ್ಮ ನಿಂತಿದ್ದಳು. ಒಳಗೆ ರಾಜ ನಕ್ಕಾಗಲೆಲ್ಲ ಆ ಪಾದಗಳ ಬೆರಳು ನೆಲವನ್ನು ಗಟ್ಟಿಯಾಗಿ ಒತ್ತುತ್ತಿದ್ದವು. ಅಮ್ಮ ಪುಣ್ಯವಂತೆ, ಹೊರಗೆ ಆರಾಮವಾಗಿ ನಿಂತಿದ್ದಾಳೆ, ಇಲ್ಲಿ ಸಾಯುವವಳು ನಾನು ಎಂದು ಅಂದುಕೊಂಡೆ. ಹತ್ತು ವರ್ಷದವಳಿಗೆ ಅಷ್ಟೇ ತಿಳಿಯುತ್ತದೆ. ನಾನೇ ತಾಯಿಯಾಗಿ, ನನ್ನ ಮಗಳು ಪಕ್ಕದ ಮನೆಯವರ ಹತ್ತಿರ ಸುಮ್ಮನಿದ್ದು ನನ್ನನ್ನು ಕಂಡ ಕೂಡಲೇ ಗೋಳೋ ಎಂದು ಅತ್ತಾಗ ಉಳಿದದ್ದು ತಿಳಿಯಿತು. ಮಗು ಯಾರಿಂದ ಏನನ್ನೂ ಬಯಸುವುದಿಲ್ಲವೋ ಅವರ ಮುಂದೆ ಅಳುವುದಿಲ್ಲ. ರಾಜನಿಗೆ ನನ್ನಿಂದ ಆಗಬೇಕಾದದ್ದು ಒಂದು ಜಡೆ, ಒಂದಿಷ್ಟು ಮಸಿ.

ಪರೀಕ್ಷೆಯ ದಿನ ಬಂತು. ಹತ್ತು ಗಂಟೆಗೆ ಕೆರೆಯಾಚೆಯ ಸ್ಕೂಲಿನಲ್ಲಿರಬೇಕು. ಹತ್ತಕ್ಕೆ ರಾಜ ಎಚ್ಚರವಾಗಿರುವ ಹೊತ್ತು, ಮಧ್ಯಾಹ್ನದ ಅಳುವನ್ನು ಒಂದು ದಿನ ಹೇಗೋ ನಿಭಾಯಿಸೋಣ ಎಂದು ಅಜ್ಜಿಯೇ ಒಪ್ಪಿದ್ದಳು. ಆದರೆ ಹಿಂದಿನ ದಿನದಿಂದ ರಾಜನಿಗೆ ನೆಗಡಿ. ಬೆಳಗ್ಗೆ ಎದ್ದವನು ಗಂಜಿ ಕುಡಿದು ಎಂಟಕ್ಕೇ ಮತ್ತೆ ಜೋಲಿ ಸೇರಿದ. ನಾನು ಎಣ್ಣೆ ಹಚ್ಚಿ ಬಾಚಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟರೆ ಅಜ್ಜಿ ಅಡ್ಡ ಬಂದಳು.

"ಈಗ ಎದ್ಬುಡ್ತಾನೆ. ಮೈ ಉಷಾರಿಲ್ಲದ್ ಮಗ. ಒಸಿ ಮಕ ತೋರ್ಸ್ಬುಟ್ಟು ಓಗಮ್ಮಿ" ಎಂದಳು.

ನಮ್ಮ ಮನೆಯಲ್ಲಿ ಗಡಿಯಾರವಿರಲಿಲ್ಲ. ಬಾಗಿಲಿನಿಂದ ಬಂದ ಬಿಸಿಲು ರಾಗಿ ಬೀಸುವ ಕಲ್ಲನ್ನು ಮುಟ್ಟಿದರೆ ಸ್ಕೂಲಿಗೆ ಹೊರಡುವ ಹೊತ್ತು. ಅದು ಕಲ್ಲಿನ ಹತ್ತಿರಕ್ಕೆ ಬಂತು. ಕಲ್ಲನ್ನು ಮುಟ್ಟಿತು. ಕಲ್ಲಿನ ಹಿಡಿಯನ್ನು ಹತ್ತಿತು. ರಾಜ ಮೂಗು ಕಟ್ಟಿ ಗೊರಗೊರ ಎನ್ನುತ್ತ ಮಲಗಿಯೇ ಇದ್ದ. ಮಲಗಿದ ಮಗುವನ್ನು ಎಬ್ಬಿಸುವುದು ನಮ್ಮ ಮನೆಯಲ್ಲಿ ಮಹಾಪರಾಧ. ನಾನು ಕೆಮ್ಮಿದೆ, ಚೀಲ ಕೆಳಗೆ ಬೀಳಿಸಿದೆ, ಚೊಂಬು ಉರುಳಿಸಿದೆ. ಅಜ್ಜಿ ಗದರಿದಳು. ನನ್ನ ಕಣ್ಣಲ್ಲಿ ನೀರು ತುಂಬಿ ಜೋಲಿ ಎರಡೆರಡಾಗಿ ಕಾಣತೊಡಗಿತು.

ಆಗ ಅಮ್ಮ ಗದ್ದೆಯಿಂದ ಬಂದಳು. ಹೊಸಿಲಿನ ಆಚೆ, ಯಾವತ್ತಿನ ಜಾಗದಲ್ಲಿ ನಿಂತು ಒಳಗೆ ಇಣುಕಿದಳು.

"ಇನ್ನೂ ಓಗಿಲ್ವೇನಮ್ಮಿ? ಪರೀಕ್ಷೆ ಅಲ್ವಾ ಇವತ್ತು?"

"ರಾಜ ಎದ್ದಿಲ್ಲ" ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು.

"ಎದ್ದ ಮ್ಯಾಲೆ ಓಗ್ತಾಳೆ ಬುಡು" ಎಂದಳು ಅಜ್ಜಿ.

ಅಮ್ಮ ಬಿಸಿಲನ್ನು ನೋಡಿದಳು, ಬೀಸುವ ಕಲ್ಲನ್ನು ನೋಡಿದಳು. ಹೊರಗಿನ ಹಂಡೆಯಿಂದ ನೀರು ತೆಗೆದುಕೊಂಡು ಕೈಕಾಲು ತೊಳೆದಳು. ಸೆರಗಿನಲ್ಲಿ ಕೈ ಒರೆಸಿಕೊಂಡು, ಹೊಸಿಲು ದಾಟಿ, ಒಳಗೆ ಬಂದು, ಜೋಲಿಯಿಂದ ರಾಜನನ್ನು ಎತ್ತಿಕೊಂಡಳು. ಅವನು ಕಣ್ಣು ಬಿಟ್ಟು ಅವಳನ್ನು ನೋಡಿದ. ಆ ಕೆಳದುಟಿ ಮುಂದೆ ಬಂತು, ಉಸಿರು ಒಳಗೆ ಹೋಯಿತು. ಆಮೇಲೆ ಹೊರಟಿತು ನೋಡಿ.

"ನೋಡ್ದಾ, ನೋಡ್ದಾ! ನಿನ್ ಮಕ ಕಂಡಿದ್ದೇ ಎಂಗ್ ಅಳ್ತಾನೆ ನೋಡು!" ಎಂದು ಅಜ್ಜಿ ಕೂಗಿದಳು.

"ಔದು ಅತ್ತೆಮ್ಮ, ಅಳ್ತಾನೆ" ಎಂದಳು ಅಮ್ಮ. ಅಜ್ಜಿಗೆ ಎದುರಾಡಿ ಗೊತ್ತಿಲ್ಲದವಳು ರಾಜನನ್ನು ಹೆಗಲಿಗೆ ಒರಗಿಸಿಕೊಂಡಳು. "ಎತ್ತೋಳು ನಾನು. ನನ್ ಮಕ ಕಂಡು ಅಳ್ದೆ ಇನ್ಯಾರ್ ಮಕ ಕಂಡು ಅಳ್ಬೇಕು ಅವ್ನು? ಅಳ್ಳಿ ಬುಡಿ. ರತ್ನಿ, ನೀನು ಓಗು. ಓಡು."

ಅಜ್ಜಿ ಏನು ಹೇಳಿದಳೋ ನಾನು ಕೇಳಲು ನಿಲ್ಲಲಿಲ್ಲ. ಕೆರೆಯ ಏರಿ ಹತ್ತುವವರೆಗೂ ರಾಜನ ಅಳು ನನ್ನ ಹಿಂದೆಯೇ ಬಂತು. ಏರಿಯ ಮೇಲೆ ಗಾಳಿ ಜೋರಾಗಿತ್ತು, ಅಲ್ಲಿಂದ ಮುಂದೆ ಕೇಳಲಿಲ್ಲ. ಸ್ಕೂಲಿಗೆ ತಲುಪಿದಾಗ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ ನನ್ನನ್ನು ನಮ್ಮ ಮೇಷ್ಟ್ರು ನೋಡಿ, ಕೊನೆಯ ಸಾಲನ್ನು ತೋರಿಸಿದರು. ಹೋಗಿ ಕೂತೆ. ಬರೆದೆ.

ಸಂಜೆ ಮನೆಗೆ ಬಂದಾಗ ಅಜ್ಜಿ ಒಲೆಯ ಮುಂದೆ ಮುಖ ತಿರುಗಿಸಿ ಕೂತಿದ್ದಳು. ಅಮ್ಮ ಹಿತ್ತಿಲಲ್ಲಿ ಮಾರನೆಯ ದಿನದ ಸೊಪ್ಪಿಗೆಂದು ಬಾಳೆನಾರು ಸೀಳುತ್ತಿದ್ದಳು. ರಾಜ ಅವಳ ಬೆನ್ನಿಗೆ ಆನಿಕೊಂಡು ನಿಂತು, ಸೀಳಿದ ನಾರನ್ನು ಒಂದೊಂದಾಗಿ ಅವಳ ತಲೆಯ ಮೇಲೆ ಹಾಕುತ್ತಿದ್ದ. ಪರೀಕ್ಷೆ ಚೆನ್ನಾಗಿ ಆಯಿತೆಂದು ಹೇಳಿದೆ. ಬೆಳಗ್ಗೆಯಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದನ್ನೂ ಕೇಳಿದೆ.

"ಅಮ್ಮ, ಇವ್ನು ತುಂಬಾ ಒತ್ತು ಅತ್ನಾ?"

ಅಮ್ಮ ನಾರು ಸೀಳುವುದನ್ನು ನಿಲ್ಲಿಸಲಿಲ್ಲ.

"ಇಲ್ಲ ಕಣಮ್ಮಿ, ಅವ್ನು ಬೇಗ್ನೆ ನಿಲ್ಲಿಸ್ದ" ಎಂದಳು. "ನಾನೇ ನಿಲ್ಲಿಸ್ಲಿಲ್ಲ."